ಹೆಸರಿಲ್ಲದವರ ಮೊದಲ ಆಲ್ಬಂ: ಬೆಲೆ ಎಷ್ಟಿಡಬೇಕು?

ಪ್ರಶ್ನೆ: ಎಂಟು ಹಾಡುಗಳ ನನ್ನ ಮೊದಲ ಆಲ್ಬಂ ಮಾಸ್ಟರಿಂಗ್ (ಧ್ವನಿಗೆ ಕೊಡುವ ಕೊನೆಯ ಹದ) ಮುಗಿಸಿ ಕೂತಿದೆ. ಬೆನ್ನಿಗೆ ಯಾವ ಲೇಬಲ್ಲೂ (ಆಲ್ಬಂ ಹೊರತರುವ ಕಂಪನಿ) ಇಲ್ಲ, ನನ್ನ ಹೆಸರು ಕೇಳಿದವರೂ ಕಡಿಮೆ. ಡೌನ್‌ಲೋಡ್ ಮಾರಬೇಕು, ಸ್ವಲ್ಪ ಸಿಡಿಯನ್ನೂ ಮಾಡಿಸಬೇಕು ಅಂತಿದ್ದೇನೆ. ‘ಗುರುತಿಲ್ಲದವನ ಹಾಡಿಗೆ ಯಾರು ದುಡ್ಡು ಕೊಡ್ತಾರೆ, ಪುಕ್ಕಟೆ ಬಿಟ್ಟುಬಿಡು’ ಅಂತಾರೆ ಗೆಳೆಯರು. ಸ್ಟುಡಿಯೊಗೆ ಸುರಿದ ಹಣವಾದರೂ ವಾಪಸ್ ಬರಬೇಕಲ್ಲ ಅನ್ನೋದು ನನ್ನ ಚಿಂತೆ. ಬೆಲೆ ಎಷ್ಟಿಡಲಿ?

ಉತ್ತರ: ನಿಮ್ಮ ಗೆಳೆಯರ ಮಾತೂ ಅರ್ಧ ಸರಿ, ನಿಮ್ಮ ಚಿಂತೆಯೂ ಅರ್ಧ ಸರಿ. ಕೇಳುವುದು ಪುಕ್ಕಟೆ ಇರಲಿ, ಇಟ್ಟುಕೊಳ್ಳುವುದಕ್ಕೆ ಬೆಲೆ ಇರಲಿ. ಆ ಬೆಲೆ ನಿಮ್ಮದೇ ಬಗೆಯ ಸಂಗೀತಕ್ಕೆ ಉಳಿದವರು ಇಡುವ ಮಾಮೂಲಿ ಬೆಲೆಯ ಆಸುಪಾಸಿನಲ್ಲಿರಲಿ, ಮೇಲೆ ಎಷ್ಟಾದರೂ ಕೊಡಲು ಬಾಗಿಲು ತೆರೆದಿರಲಿ. ಡೌನ್‌ಲೋಡ್‌ಗೆ ಒಂದು ಅಂಕಿ ಹೇಳಲೇಬೇಕೆಂದರೆ, ಎಂಟು ಹಾಡಿಗೆ 7 ಡಾಲರ್ ಕನಿಷ್ಠ. ಲೆಕ್ಕಕ್ಕೆ ಸುಲಭವೆಂದು ಡಾಲರ್‌ನಲ್ಲಿ ಹೇಳುತ್ತಿದ್ದೇನೆ. ಅದನ್ನು ವಿನಿಮಯ ದರದಲ್ಲಿ ಗುಣಿಸಿಕೊಳ್ಳಬೇಡಿ. ನಿಮ್ಮ ಕೇಳುಗರು ಇರುವ ಕಡೆ ಇಂಥ ಆಲ್ಬಂಗೆ ಜನ ಎಷ್ಟು ಕೊಡುತ್ತಾರೋ ಅದೇ ನಿಮ್ಮ ‘7’.

ಮೊದಲು ಸ್ಟುಡಿಯೊ ಖರ್ಚಿನ ವಿಷಯ ಮುಗಿಸೋಣ. ರೆಕಾರ್ಡಿಂಗ್, ಮಿಕ್ಸಿಂಗ್, ಮಾಸ್ಟರಿಂಗ್, ಮುಖಪುಟದ ಚಿತ್ರ ಎಲ್ಲಾ ಸೇರಿ 2,000 ಡಾಲರ್ ಆಯಿತು ಎನ್ನಿ. ಕೊಳ್ಳುವವರು 40 ಮಂದಿ. ಅಸಲು ಹುಟ್ಟಬೇಕಾದರೆ ತಲೆಗೆ 50 ಡಾಲರ್. ಅಷ್ಟು ಕೊಟ್ಟು ಯಾರೂ ಕೊಳ್ಳುವುದಿಲ್ಲ, ಹಾಗಾಗಿ ಆ 40 ಮಂದಿಯೂ ಉಳಿಯುವುದಿಲ್ಲ. ಆ ಹಣ ಖರ್ಚಾಗಿದೆ. 5 ಡಾಲರ್ ಇಟ್ಟರೂ 50 ಇಟ್ಟರೂ ಅದು ಹೆಚ್ಚು ಕಡಿಮೆ ಆಗುವುದಿಲ್ಲ. ಕೇಳುಗನಿಗಂತೂ ನೀವು ಸ್ಟುಡಿಯೊದಲ್ಲಿ ಎಷ್ಟು ದಿನ ಕಳೆದಿರಿ ಎಂಬುದು ಗೊತ್ತೇ ಇರುವುದಿಲ್ಲ. ಬೆಲೆಯ ಲೆಕ್ಕಕ್ಕೆ ಬರಬೇಕಾದದ್ದು ಒಂದೊಂದು ಪ್ರತಿಗೂ ಹೊಸದಾಗಿ ಕೈಯಿಂದ ಹೋಗುವ ಖರ್ಚು ಮಾತ್ರ: ಮಾರಾಟ ತಾಣದ ಪಾಲು, ಹಣ ಪಾವತಿಯ ಶುಲ್ಕ, ಸಿಡಿಯಾದರೆ ಅದರ ತಯಾರಿ ಮತ್ತು ಅಂಚೆ. ಸ್ಟುಡಿಯೊ ಹಣ ಬಂದರೆ ಕಾರ್ಯಕ್ರಮಗಳಿಂದ, ಮುಂದಿನ ಆಲ್ಬಂಗಳಿಂದ ನಿಧಾನವಾಗಿ ಬರುತ್ತದೆ. ಈ ಒಂದು ಆಲ್ಬಂನ ಬೆನ್ನ ಮೇಲೆ ಆ ಭಾರ ಹೊರಿಸಬೇಡಿ.

ಹಾಗಾದರೆ ಕೊಳ್ಳುವವರು ಎಷ್ಟು ಮಂದಿ? ಫಾಲೋವರ್‌ಗಳ ಸಂಖ್ಯೆ ನೋಡಬೇಡಿ, ಅದು ಹೊಟ್ಟೆ ತುಂಬದ ಲೆಕ್ಕ. ಒಂದು ಹಾಳೆಯ ಮೇಲೆ ಹೆಸರು ಹಿಡಿದು ಬರೆಯಿರಿ. ನಿಮ್ಮ ಕಾರ್ಯಕ್ರಮಕ್ಕೆ ಎರಡು ಸಲ ಬಂದವರು, ಹಾಡು ಕೇಳಿ ತಾವಾಗಿಯೇ ಸಂದೇಶ ಕಳಿಸಿದವರು, ‘ಆಲ್ಬಂ ಯಾವಾಗ’ ಎಂದು ಕೇಳಿದವರು, ಜೊತೆಗೆ ನುಡಿಸಿದವರು, ನಾಲ್ಕು ಜನರೆದುರು ನಿಮ್ಮ ಹಾಡು ಹಾಕಿದವರು. ಬಂದ ಸಂಖ್ಯೆಯನ್ನು ಅರ್ಧ ಮಾಡಿ. ಎಷ್ಟು ಸಿಡಿ ಮಾಡಿಸಬೇಕು ಎಂಬಲ್ಲಿಂದ ಹಿಡಿದು ಮುಂದಿನ ಎಲ್ಲ ತೀರ್ಮಾನಗಳಿಗೂ ಈ ಸಂಖ್ಯೆಯೇ ಅಡಿಪಾಯ. ಅದು 25 ಎಂದು ಬಂದರೆ ನಾಚಿಕೆಪಡುವಂಥದ್ದೇನೂ ಇಲ್ಲ. ಅದು ಗೊತ್ತಿಲ್ಲದೆ 500 ಸಿಡಿ ಮಾಡಿಸಿದರೆ ಮಾತ್ರ ಕೈ ಸುಡುತ್ತದೆ.

ಈಗ 7 ಡಾಲರ್ ಎಲ್ಲಿಂದ ಬಂತು ನೋಡೋಣ. ಆ್ಯಪಲ್ 2003ರ ಏಪ್ರಿಲ್‌ನಲ್ಲಿ ಐಟ್ಯೂನ್ಸ್ ಎಂಬ ಆನ್‌ಲೈನ್ ಹಾಡಿನ ಅಂಗಡಿ ತೆರೆದಾಗ ಒಂದು ಹಾಡಿಗೆ 99 ಸೆಂಟ್, ಇಡೀ ಆಲ್ಬಂಗೆ ಸಾಮಾನ್ಯವಾಗಿ 9.99 ಡಾಲರ್ ಎಂಬ ಪದ್ಧತಿ ಶುರುವಾಯಿತು. ‘ಹಾಡಿಗೊಂದು, ಆಲ್ಬಂಗೆ ಹತ್ತು’ ಎಂಬ ಅಳತೆ ಇವತ್ತಿಗೂ ಕೊಳ್ಳುವವರ ತಲೆಯಲ್ಲಿ ಕೂತಿದೆ. ಹೆಸರು ಮಾಡಿದವರು ಹತ್ತರ ಹತ್ತಿರ ಇಡುತ್ತಾರೆ. ಹೊಸಬರಿಗೆ ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗೆ ಸರಿಯಾದ ಜಾಗ. ಆದರೂ ನನ್ನ ಮಾತನ್ನೇ ನಂಬಿ ಕೂರಬೇಡಿ. ಸಂಗೀತಗಾರರು ತಮ್ಮ ಹಾಡನ್ನು ನೇರವಾಗಿ ಮಾರುವ ತಾಣವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿ ನಿಮ್ಮ ಬಗೆಯ ಸಂಗೀತದ ಟ್ಯಾಗ್ ಒತ್ತಿ, ನಿಮ್ಮಷ್ಟೇ ಅಪರಿಚಿತರಾದವರ, ಹೆಚ್ಚುಕಡಿಮೆ ಅಷ್ಟೇ ಉದ್ದದ 20 ಆಲ್ಬಂಗಳ ಬೆಲೆ ಬರೆದುಕೊಳ್ಳಿ. ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ನಡುವಿನದ್ದನ್ನು ನೋಡಿ. ಅರ್ಧ ಗಂಟೆಯ ಕೆಲಸ. ಆ ನಡುವಿನ ಬೆಲೆಗಿಂತ ಕೆಳಗಿಳಿಯಲು ನಿಮಗೆ ಯಾವ ಕಾರಣವೂ ಇಲ್ಲ.

ಹಾಗೇಕೆ ಎಂದರೆ, ಹೊಸಬರ ತೊಡಕು ಬೆಲೆಯದ್ದಲ್ಲ. ನಿಮ್ಮ ಆಲ್ಬಂ ಇದೆ ಎಂಬುದೇ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ವಸ್ತುವಿನ ಬೆಲೆಯನ್ನು 7ರಿಂದ 3ಕ್ಕೆ ಇಳಿಸಿದರೂ ಅದು ಗೊತ್ತಿಲ್ಲದ ವಸ್ತುವೇ. ಗೊತ್ತಿದ್ದು, ಕೇಳಿ, ಇಷ್ಟಪಟ್ಟು, ಕೊಳ್ಳುವ ಗುಂಡಿಯ ತನಕ ಬಂದ ಮನುಷ್ಯ 3 ಮತ್ತು 7ರ ನಡುವಿನ ವ್ಯತ್ಯಾಸಕ್ಕೆ ಹಿಂದೆ ಸರಿಯುವುದು ಅಪರೂಪ. ಬೆಲೆ ಇಳಿಸಿದಾಗ ಹೊಸ ಗಿರಾಕಿ ಬರುವುದಿಲ್ಲ, ಹೇಗೂ ಬರುತ್ತಿದ್ದವರಿಂದ ಸಿಗುತ್ತಿದ್ದದ್ದು ಕಡಿಮೆಯಾಗುತ್ತದೆ ಅಷ್ಟೆ. ಜೊತೆಗೆ, ಹಾಡಿದವರೇ ತಮ್ಮ ಕೆಲಸಕ್ಕೆ ಇಷ್ಟು ಕಡಿಮೆ ಬೆಲೆ ಕಟ್ಟಿದ್ದಾರಲ್ಲ ಎಂಬ ಅನುಮಾನ ಬೇರೆ.

ಕಡಿಮೆ ಬೆಲೆಗೆ ಇನ್ನೊಂದು ಹೊಡೆತವಿದೆ: ಶುಲ್ಕ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಶೇ 15, ಸಿಡಿ, ಅಂಗಿಯಂಥ ವಸ್ತುಗಳಲ್ಲಿ ಶೇ 10 ಪಾಲು ತೆಗೆದುಕೊಳ್ಳುತ್ತದೆ. ಪಾವತಿ ಸೇವೆಯವರದ್ದು ಬೇರೆ. ಅವರು ಶೇಕಡಾವಾರು ಜೊತೆಗೆ ಪ್ರತಿ ವಹಿವಾಟಿಗೂ ಒಂದು ನಿಗದಿತ ಮೊತ್ತ ಹಿಡಿಯುವುದು ವಾಡಿಕೆ. ಅದು ಶೇ 3 ಮತ್ತು 30 ಸೆಂಟ್ ಎಂದಿಟ್ಟುಕೊಳ್ಳಿ. 7 ಡಾಲರ್‌ಗೆ ಮಾರಿದರೆ 1.05 ತಾಣಕ್ಕೆ, 21 ಸೆಂಟ್ ಮತ್ತು 30 ಸೆಂಟ್ ಪಾವತಿಗೆ, ನಿಮಗೆ 5.44 ಉಳಿಯಿತು, ಅಂದರೆ ಸುಮಾರು ಶೇ 78. ಅದೇ 1 ಡಾಲರ್‌ಗೆ ಮಾರಿದರೆ 15, 3 ಮತ್ತು 30 ಸೆಂಟ್ ಹೋಗಿ ಉಳಿಯುವುದು 52 ಸೆಂಟ್. ನಿಗದಿತ ಮೊತ್ತವೂ ಸೇರಿ ಶುಲ್ಕಗಳು ಸಣ್ಣ ವಹಿವಾಟಿನ ಹೆಚ್ಚುಕಡಿಮೆ ಅರ್ಧವನ್ನು ನುಂಗಿಹಾಕುತ್ತವೆ. ನೀವು ಬಳಸುವ ಸೇವೆಯ ದರ ಹಾಕಿ ಇದೇ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ.

ಬಿಡಿ ಹಾಡಿನ ಬೆಲೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಆಲ್ಬಂ 7 ಡಾಲರ್, ಹಾಡು 50 ಸೆಂಟ್ ಎಂದು ಇಟ್ಟರೆ ಎಂಟೂ ಹಾಡನ್ನು ಬಿಡಿಯಾಗಿ 4 ಡಾಲರ್‌ಗೇ ಕೊಳ್ಳಬಹುದು. ಇಡಿಯ ಬೆಲೆ ಬಿಡಿಗಳ ಮೊತ್ತಕ್ಕಿಂತ ಕಡಿಮೆ ಇರಲೇಬೇಕು. ಹಾಡಿಗೆ 1 ಡಾಲರ್ ಇಟ್ಟರೆ ಮೊತ್ತ 8, ಆಲ್ಬಂ 7: ಇಡೀ ಆಲ್ಬಂ ಕೊಂಡವನಿಗೆ ಒಂದು ಹಾಡು ಉಳಿತಾಯವಾದಂತೆ. ನಲವತ್ತು ಸೆಕೆಂಡಿನ ಮುನ್ನುಡಿ ಸಂಗೀತ, ನಡುವಿನ ಮಾತು ಇಂಥವನ್ನು ಬಿಡಿಯಾಗಿ ಮಾರಾಟಕ್ಕೆ ಇಡಬೇಡಿ, ಆಲ್ಬಂ ಕೊಂಡವರಿಗೆ ಮಾತ್ರ ಸಿಗಲಿ.

ಇನ್ನು ಪುಕ್ಕಟೆಯ ಮಾತು. ‘ನಿಮಗೆ ತೋಚಿದಷ್ಟು ಕೊಡಿ’ ಎನ್ನುವ ಪದ್ಧತಿಗೆ ಎಲ್ಲರೂ ಕೊಡುವ ಉದಾಹರಣೆ ಇಂಗ್ಲೆಂಡಿನ ರಾಕ್ ತಂಡ ರೇಡಿಯೊಹೆಡ್‌ನದ್ದು. 2007ರ ಅಕ್ಟೋಬರ್‌ನಲ್ಲಿ ಅವರು ತಮ್ಮ ಹೊಸ ಆಲ್ಬಂನ ಬೆಲೆಯನ್ನು ಡೌನ್‌ಲೋಡ್ ಮಾಡುವವರಿಗೇ ಬಿಟ್ಟರು, ಸೊನ್ನೆ ಹಾಕಿದರೂ ಸಿಗುತ್ತಿತ್ತು. ಆದರೆ ಅದು ಅವರ ಏಳನೆಯ ಆಲ್ಬಂ. ದೊಡ್ಡ ಲೇಬಲ್ಲೊಂದರ ದುಡ್ಡಿನಿಂದ ವರ್ಷಗಟ್ಟಲೆ ಬೆಳೆದ ಹೆಸರು ಅದರ ಹಿಂದಿತ್ತು, ಆ ಸುದ್ದಿಯೇ ಜಗತ್ತಿನ ಪತ್ರಿಕೆಗಳಲ್ಲಿ ಬಂತು. ಹೊಸಬರು ಸೊನ್ನೆ ಇಟ್ಟರೆ ಯಾವ ಪತ್ರಿಕೆಯೂ ಬರೆಯುವುದಿಲ್ಲ. ಗುರುತಿಲ್ಲದವರ ಪುಟದಲ್ಲಿ ಖಾಲಿ ಬೆಲೆ ಚೌಕ ಕಂಡಾಗ ಜನಕ್ಕೆ ಎಷ್ಟು ಹಾಕಬೇಕೋ ತಿಳಿಯುವುದಿಲ್ಲ, ಮುಜುಗರದಿಂದ ಸೊನ್ನೆ ಹಾಕುತ್ತಾರೆ ಇಲ್ಲವೇ ಪುಟವನ್ನೇ ಮುಚ್ಚುತ್ತಾರೆ. ಚೌಕದಲ್ಲಿ 7 ಎಂದಿದ್ದು ‘ಹೆಚ್ಚು ಕೊಡಬಹುದು’ ಎಂದಿದ್ದರೆ ನಿಮ್ಮನ್ನು ಬಲ್ಲವರು 10, 15, 20 ಎಂದು ದುಂಡು ಅಂಕಿ ಹಾಕುತ್ತಾರೆ. ಮೊದಲ ಆಲ್ಬಂನ ಮೊದಲ ಗಿರಾಕಿಗಳು ಬಹುತೇಕ ನಿಮ್ಮ ಹಾಳೆಯಲ್ಲಿರುವ ಹೆಸರುಗಳೇ ಅಲ್ಲವೇ? ಅವರು ಹಾಡಿಗಷ್ಟೇ ಅಲ್ಲ, ನಿಮಗೂ ಕೊಡುತ್ತಿರುತ್ತಾರೆ. ಹಾಗಾಗಿ ಆ ಆಯ್ಕೆಗೆ ಟಿಕ್ ಹಾಕುವುದನ್ನು ಮಾತ್ರ ಮರೆಯಬೇಡಿ.

ಸೊನ್ನೆ ಬೆಲೆಗೂ ಒಂದು ಜಾಗವಿದೆ. ಆಲ್ಬಂಗೆ ಮುಂಚೆ ಬಿಡುವ ಒಂದು ಹಾಡನ್ನೋ ಒಂದು ಲೈವ್ ರೆಕಾರ್ಡಿಂಗನ್ನೋ ಪುಕ್ಕಟೆ ಕೊಟ್ಟು, ಬದಲಿಗೆ ಇಮೇಲ್ ವಿಳಾಸ ಕೇಳಿ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಇದಕ್ಕೆಂದೇ ವ್ಯವಸ್ಥೆಯಿದೆ, ಆದರೆ ಪುಕ್ಕಟೆ ಡೌನ್‌ಲೋಡ್‌ಗೆ ತಿಂಗಳಿಗೆ 200ರ ಮಿತಿ ಇದೆ ಎಂಬುದು ತಿಳಿದಿರಲಿ. ಹೆಸರಿಲ್ಲದ ಹಾಡುಗಾರನಿಗೆ ಒಂದು ಇಮೇಲ್ ವಿಳಾಸದ ಬೆಲೆ 50 ಸೆಂಟ್‌ಗಿಂತ ಖಂಡಿತ ಹೆಚ್ಚು: ಎರಡನೇ ಆಲ್ಬಂ ಬಂದ ದಿನ ನೇರವಾಗಿ ಹೇಳಲು ಒಬ್ಬರು ಸಿಕ್ಕಂತೆ. ಜಾಲತಾಣದ ಫಾಲೋವರ್‌ಗೆ ನಿಮ್ಮ ಸುದ್ದಿ ತಲುಪುತ್ತದೋ ಇಲ್ಲವೋ ಆ ತಾಣದ ಕೈಯಲ್ಲಿರುತ್ತದೆ. ವಿಳಾಸ ನಿಮ್ಮ ಕೈಯಲ್ಲಿರುತ್ತದೆ.

ಸ್ಟ್ರೀಮಿಂಗ್‌ನಲ್ಲಿ ಬೆಲೆ ಇಡುವ ಪ್ರಶ್ನೆಯೇ ಬರುವುದಿಲ್ಲ. ಸ್ಪಾಟಿಫೈಯಂಥ ಸೇವೆಗಳು ಹಾಡಿಗೆ ಇಷ್ಟು ಎಂದು ಕೊಡುವುದಿಲ್ಲ. ಬಂದ ಒಟ್ಟು ಆದಾಯದಲ್ಲಿ ನಿಮ್ಮ ಪಾಲಿನ ಕೇಳುವಿಕೆ ಎಷ್ಟೋ ಅಷ್ಟು ಹಂಚುತ್ತವೆ. ಅದು ಒಂದು ಸಲಕ್ಕೆ ಅರ್ಧ ಸೆಂಟ್ ಎಂದೇ ಉದಾರವಾಗಿ ಹಿಡಿಯೋಣ. ಮೇಲೆ ಲೆಕ್ಕ ಹಾಕಿದ 5.44 ಡಾಲರ್ ಬರಬೇಕಾದರೆ 1,088 ಸಲ ಪ್ಲೇ ಆಗಬೇಕು, ಎಂಟು ಹಾಡಿನ ಇಡೀ ಆಲ್ಬಂ 136 ಸಲ. ಒಬ್ಬ ಗಿರಾಕಿ ಒಂದು ಸಲ ಕೊಂಡದ್ದಕ್ಕೆ ಇದು ಸಮ. ಸಾಲದ್ದಕ್ಕೆ 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಪ್ಲೇ ಆಗದ ಹಾಡಿಗೆ ರೆಕಾರ್ಡಿಂಗ್ ಪಾಲು ಸಿಗುವುದೇ ಇಲ್ಲ. ಹಾಡನ್ನು ಅಲ್ಲಿಗೆ ತಲುಪಿಸುವ ವಿತರಕರ ಶುಲ್ಕವೂ ಇದೆ. ಡಿಸ್ಟ್ರೋಕಿಡ್ ಎಂಬ ವಿತರಕ ಸಂಸ್ಥೆ ವರ್ಷಕ್ಕಿಷ್ಟು ಎಂದು ತೆಗೆದುಕೊಳ್ಳುತ್ತದೆ. ಸಿಡಿ ಬೇಬಿ ಎಂಬ ಇನ್ನೊಂದು ಸಂಸ್ಥೆ ಬಿಡುಗಡೆಗೊಮ್ಮೆ ಶುಲ್ಕ ಪಡೆದು ಆದಾಯದಲ್ಲಿ ಶೇ 9 ಹಿಡಿಯುತ್ತದೆ. ವರ್ಷಕ್ಕೊಂದು ಹಾಡು ಬಿಡುವವರಿಗೆ ಎರಡನೆಯದು, ತಿಂಗಳಿಗೊಂದು ಬಿಡುವವರಿಗೆ ಮೊದಲನೆಯದು ಒಗ್ಗುತ್ತದೆ. ವಾರ್ಷಿಕ ಶುಲ್ಕ ಕಟ್ಟುವುದು ನಿಲ್ಲಿಸಿದರೆ ಹಾಡುಗಳು ಕೆಳಗಿಳಿಯಬಹುದು, ಒಪ್ಪಂದದಲ್ಲಿ ಆ ಸಾಲನ್ನು ಹುಡುಕಿ ಓದಿ.

ಹಾಗಂತ ಸ್ಟ್ರೀಮಿಂಗ್ ಬಿಡಬೇಡಿ. ಅದನ್ನು ಆದಾಯದ ಖಾತೆಯಲ್ಲಿ ಬರೆಯದೆ ಪ್ರಚಾರದ ಖಾತೆಯಲ್ಲಿ ಬರೆದುಕೊಳ್ಳಿ. ಮೊದಲ ಒಂದು ತಿಂಗಳು ಬರೀ ಮಾರಾಟ, ಆಮೇಲೆ ಸ್ಟ್ರೀಮಿಂಗ್ ಎಂಬ ತಂತ್ರ ಕೆಲವರು ಹೇಳುತ್ತಾರೆ. ಕಾದು ಕೂತ ಅಭಿಮಾನಿಗಳಿದ್ದರೆ ಅದು ಸರಿ. ನಿಮಗಾಗಿ ಯಾರೂ ಕಾಯುತ್ತಿಲ್ಲ; ಹುಡುಕಿದಾಗ ಸಿಗದಿದ್ದರೆ ಜನ ಮರೆತು ಮುಂದೆ ಹೋಗುತ್ತಾರೆ.

ಈಗ ಸಿಡಿ. ನಿಜವಾಗಿ ಹಣ ಕಳೆದುಕೊಳ್ಳುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಸಿಡಿ ಮಾಡಿಸಲು ಎರಡು ದಾರಿ. ಗಾಜಿನ ಮಾಸ್ಟರ್ ಮಾಡಿ ಕಾರ್ಖಾನೆಯಲ್ಲಿ ಅಚ್ಚೊತ್ತುವುದು ರೆಪ್ಲಿಕೇಶನ್. ಅಚ್ಚಿನ ಖರ್ಚು ಮೊದಲೇ ಬೀಳುವುದರಿಂದ ಕೆಲವು ನೂರರ ಕೆಳಗೆ ಅದು ಗಿಟ್ಟುವುದಿಲ್ಲ. ಖಾಲಿ ಸಿಡಿ-ಆರ್‌ಗೆ ಬರೆದು ಮೇಲೆ ಮುದ್ರಿಸುವುದು ಡುಪ್ಲಿಕೇಶನ್; 50, 100ಕ್ಕೆ ಇದೇ ಸರಿ, ಒಂದೊಂದು ಹಳೇ ಪ್ಲೇಯರ್ ಅದನ್ನು ಓದಲು ತಕರಾರು ಮಾಡಬಹುದು ಅಷ್ಟೆ. ದರಪಟ್ಟಿ ತರಿಸಿದಾಗ ಆಸೆ ಹುಟ್ಟಿಸುವ ಸಾಲೊಂದು ಇರುತ್ತದೆ. 100ಕ್ಕೆ 300 ಡಾಲರ್, 300ಕ್ಕೆ 450 ಡಾಲರ್ ಎನ್ನಿ. ಒಂದಕ್ಕೆ 3 ಡಾಲರ್ ಬೀಳುತ್ತಿದ್ದದ್ದು ಒಂದೂವರೆಗೆ ಇಳಿಯಿತಲ್ಲ, 300ನ್ನೇ ಮಾಡಿಸೋಣ ಎನ್ನಿಸುತ್ತದೆ. ಆದರೆ ನಿಮ್ಮ ಹಾಳೆಯ ಪ್ರಕಾರ ಮಾರಾಟವಾಗುವುದು 60 ಎನ್ನಿ. ಮಾರಿದ ಒಂದೊಂದರ ಮೇಲೆ ಬಿದ್ದ ಖರ್ಚು ಮೊದಲ ಲೆಕ್ಕದಲ್ಲಿ 5 ಡಾಲರ್, ಎರಡನೆಯದರಲ್ಲಿ ಏಳೂವರೆ. 10 ಡಾಲರ್‌ಗೆ ಮಾರಿದರೆ 100 ಮಾಡಿಸಿದವರಿಗೆ 300 ಡಾಲರ್ ಉಳಿತಾಯ, 300 ಮಾಡಿಸಿದವರಿಗೆ 150 ಡಾಲರ್ ಮತ್ತು ಮಂಚದ ಕೆಳಗೆ 240 ಸಿಡಿ. ಖರ್ಚನ್ನು ಮಾಡಿಸಿದ ಸಂಖ್ಯೆಯಿಂದ ಭಾಗಿಸುವುದು ಮುದ್ರಕರ ಲೆಕ್ಕ, ಮಾರುವ ಸಂಖ್ಯೆಯಿಂದ ಭಾಗಿಸುವುದು ನಿಮ್ಮ ಲೆಕ್ಕ.

ನೂರೂ ಮಾರಾಟವಾಗುತ್ತವೆ ಎಂದುಕೊಂಡರೂ ನೂರರ ಹಣ ಬರುವುದಿಲ್ಲ. ನುಡಿಸಿದವರಿಗೆ, ಸೌಂಡ್ ಎಂಜಿನಿಯರ್‌ಗೆ, ರೇಡಿಯೊದವರಿಗೆ, ವಿಮರ್ಶಕರಿಗೆ ಎಂದು 10 ಹೋಗುತ್ತವೆ. ಡಬ್ಬಿ ಒಡೆದದ್ದು, ಅಂಚೆಯಲ್ಲಿ ಕಳೆದದ್ದು 5. ಉಳಿದ 85ರಿಂದ 300ನ್ನು ಭಾಗಿಸಿದರೆ ಒಂದರ ನಿಜವಾದ ಅಸಲು 3.53. ಮಾರುವ ಬೆಲೆ ಇದರ ಎರಡೂವರೆ ಮೂರು ಪಟ್ಟು ಇರಬೇಕು. ಅಷ್ಟೇಕೆ ಎಂದರೆ, ಯಾವುದಾದರೂ ಅಂಗಡಿ ‘ಮಾರಾಟವಾದ ಮೇಲೆ ಹಣ’ ಎಂಬ ಕರಾರಿನಲ್ಲಿ ಇಟ್ಟುಕೊಳ್ಳಲು ಒಪ್ಪಿ ಶೇ 40 ಪಾಲು ಕೇಳಿತು ಎನ್ನಿ. ಬೆಲೆ 10 ಇದ್ದರೆ ನಿಮಗೆ ಬರುವುದು 6, ಅಸಲು ಕಳೆದು ಎರಡೂವರೆ ಡಾಲರ್‌ನಷ್ಟು ಉಳಿಯುತ್ತದೆ. ಬೆಲೆ 6 ಇಟ್ಟಿದ್ದರೆ ಬರುವುದು 3.60, ಉಳಿಯುವುದು 7 ಸೆಂಟ್. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಂಗಡಿಗೆ ಒಂದು ಬೆಲೆ, ಕಾರ್ಯಕ್ರಮದಲ್ಲಿ ಅದಕ್ಕಿಂತ ಬಹಳ ಕಡಿಮೆ ಎಂದೂ ಮಾಡಬೇಡಿ, ಅಂಗಡಿಯವರು ಮತ್ತೆ ನಿಮ್ಮ ಸಿಡಿ ಮುಟ್ಟುವುದಿಲ್ಲ.

ಅಂಚೆ ವೆಚ್ಚವನ್ನು ಬೆಲೆಯೊಳಗೆ ಸೇರಿಸದೆ ಬೇರೆಯಾಗಿಯೇ ತೋರಿಸಿ. ಬರೀ ಸಿಡಿಯ ತೂಕ ನೋಡಿ ಅಂದಾಜು ಮಾಡುವುದು ಮಾಮೂಲಿ ತಪ್ಪು. ಲಕೋಟೆ, ಗುಳ್ಳೆ ಹಾಳೆ, ರಟ್ಟು ಎಲ್ಲಾ ಹಾಕಿ ಅಂಟಿಸಿದ ಮೇಲೆ ತೂಗಿ. ಕೆಲವೇ ಗ್ರಾಂ ಹೆಚ್ಚಾಗಿ ಮುಂದಿನ ತೂಕದ ಹಂತಕ್ಕೆ ಹೋದರೆ ದರ ಒಮ್ಮೆಲೇ ಜಿಗಿಯುತ್ತದೆ. ಪ್ಲಾಸ್ಟಿಕ್ ಡಬ್ಬಿಯ ಬದಲು ರಟ್ಟಿನ ಹೊದಿಕೆ ಆರಿಸಿಕೊಂಡರೆ ತೂಕವೂ ಇಳಿಯುತ್ತದೆ, ಒಡೆಯುವ ತಲೆನೋವೂ ಇಲ್ಲ.

ವಿನೈಲ್ (ಗ್ರಾಮಫೋನ್ ತಟ್ಟೆ) ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ತಲೆಗೆ ತುಂಬಿಯೇ ತುಂಬುತ್ತಾರೆ. ಮೊದಲ ಆಲ್ಬಂಗೆ ಬೇಡ. ಲ್ಯಾಕರ್ ಕತ್ತರಿಸುವುದು (ಮೂಲ ತಟ್ಟೆಗೆ ಹಾಡು ಕೊರೆಯುವುದು), ಸ್ಟಾಂಪರ್ (ಒತ್ತುವ ಅಚ್ಚು), ಟೆಸ್ಟ್ ಪ್ರೆಸಿಂಗ್ (ಪರೀಕ್ಷೆಗೆ ಒತ್ತುವ ಪ್ರತಿ) ಈ ಮೂರರ ಖರ್ಚು ಒಂದು ಪ್ರತಿ ಮಾಡಿದರೂ ಅಷ್ಟೇ, ಸಾವಿರ ಮಾಡಿದರೂ ಅಷ್ಟೇ. 12 ಇಂಚಿನ ತಟ್ಟೆಯಲ್ಲಿ ಒಂದು ಬದಿಗೆ 22 ನಿಮಿಷ ಮೀರಿದರೆ ದನಿ ಸೊರಗುತ್ತದೆ. ಹೊರಡಲೇಬೇಕೆಂದರೆ ಮುಂಗಡ ಬುಕಿಂಗ್ ತೆಗೆದುಕೊಳ್ಳಿ. ಮಾಡಿಸುವ ಸಂಖ್ಯೆಯ ಅರ್ಧದಷ್ಟಾದರೂ ಮುಂಗಡ ಬರದಿದ್ದರೆ ಹಣ ಹಿಂದಿರುಗಿಸಿ ಕೈಬಿಡಿ.

ಅದರ ಬದಲು ಬೆಲೆಯಲ್ಲಿ ಮೂರು ಮೆಟ್ಟಿಲು ಮಾಡಿ. 2008ರಲ್ಲಿ ಅಮೆರಿಕದ ರಾಕ್ ತಂಡ ನೈನ್ ಇಂಚ್ ನೇಲ್ಸ್ ತನ್ನ 36 ತುಣುಕುಗಳ ಆಲ್ಬಂನಲ್ಲಿ ಮೊದಲ 9ನ್ನು ಪುಕ್ಕಟೆ ಬಿಟ್ಟು, ಪೂರ್ತಿ ಡೌನ್‌ಲೋಡ್‌ಗೆ 5 ಡಾಲರ್, ಜೋಡಿ ಸಿಡಿಗೆ 10, ಡೀಲಕ್ಸ್ ಪೆಟ್ಟಿಗೆಗೆ 75, ಸಹಿ ಹಾಕಿದ 2,500 ಪ್ರತಿಗಳಿಗೆ ತಲಾ 300 ಡಾಲರ್ ಇಟ್ಟಿತು. ಆ 300ರದ್ದು ಕೆಲವೇ ದಿನಗಳಲ್ಲಿ ಖಾಲಿಯಾಯಿತು. ನಿಮ್ಮ ಸಹಿಗೆ ಸದ್ಯಕ್ಕೆ ಆ ಬೆಲೆ ಇಲ್ಲ, ಬೇಸರ ಬೇಡ. ಆದರೆ ಒಂದೇ ಆಲ್ಬಂಗೆ ಬೇರೆಬೇರೆ ಜನ ಬೇರೆಬೇರೆ ಮೊತ್ತ ಕೊಡಲು ತಯಾರಿರುತ್ತಾರೆ ಎಂಬುದು ಸಣ್ಣವರಿಗೂ ಅನ್ವಯಿಸುತ್ತದೆ. ಡೌನ್‌ಲೋಡ್ 7, ಸಿಡಿ ಜೊತೆ ಡೌನ್‌ಲೋಡ್ 12, ಕೈಯಲ್ಲೇ ಬರೆದ ಒಂದು ಹಾಡಿನ ಸಾಹಿತ್ಯದ ಹಾಳೆಯೊಂದಿಗೆ ಸಂಖ್ಯೆ ನಮೂದಿಸಿದ 20 ಪ್ರತಿ ಮಾತ್ರ, 35. ಅಪರಿಚಿತರ ಸಹಿಗಿಂತ ಅಪರಿಚಿತರ ಕೈಕೆಲಸಕ್ಕೆ ಬೆಲೆ ಹೆಚ್ಚು. ನಾಲ್ಕನೆಯ ಮೆಟ್ಟಿಲು ಬೇಡ, ಆಯ್ಕೆ ಹೆಚ್ಚಾದಷ್ಟೂ ‘ಆಮೇಲೆ ನೋಡೋಣ’ ಎನ್ನುವವರು ಹೆಚ್ಚುತ್ತಾರೆ.

ಕಾರ್ಯಕ್ರಮದ ಜಾಗದಲ್ಲಿ ಮಾರುವಾಗ ಬೆಲೆ ಒಂದೇ ನೋಟಿನಲ್ಲಿ ಮುಗಿಯುವಂತಿರಲಿ. 9.50 ಇಟ್ಟು ಚಿಲ್ಲರೆ ಹುಡುಕುವಷ್ಟರಲ್ಲಿ ಹಿಂದೆ ನಿಂತವರು ಹೊರಟಿರುತ್ತಾರೆ. ಕೊನೆಯ ಹಾಡು ಮುಗಿದ ಹದಿನೈದು ನಿಮಿಷವೇ ನಿಮ್ಮ ಮಾರುಕಟ್ಟೆ. ಬೆಲೆಯನ್ನು ದೂರಕ್ಕೆ ಕಾಣುವಂತೆ ದಪ್ಪಕ್ಷರದಲ್ಲಿ ಬರೆದಿಡಿ. ಬರೆಯದಿದ್ದರೆ ಜನ ಕೇಳುವುದಿಲ್ಲ, ಸಂಕೋಚಪಟ್ಟು ಹೋಗುತ್ತಾರೆ. ಸಿಡಿ ಪ್ಲೇಯರ್ ಇಲ್ಲದವರಿಗೆ ಡೌನ್‌ಲೋಡ್ ಕೋಡ್ ಮುದ್ರಿಸಿದ ಚೀಟಿ ಇಟ್ಟುಕೊಂಡಿರಿ.

ಬಿಡುಗಡೆಯಾದ ಮೊದಲ ವಾರಗಳಲ್ಲಿ ಬೆಲೆ ಇಳಿಸಬೇಡಿ. ಮೊದಲ ದಿನವೇ ಕೊಂಡವರು ನಿಮ್ಮ ಅತ್ಯಂತ ಹತ್ತಿರದವರು, ಹತ್ತನೇ ದಿನ ಅರ್ಧ ಬೆಲೆ ಕಂಡರೆ ಮುಂದಿನ ಸಲ ಅವರೂ ಹತ್ತು ದಿನ ಕಾಯುತ್ತಾರೆ. ರಿಯಾಯಿತಿ ಕೊಡಬೇಕೆನಿಸಿದರೆ ಎಲ್ಲರಿಗೂ ಕಾಣುವ ಬೆಲೆ ಹಾಗೇ ಇರಲಿ, ಇಮೇಲ್ ಪಟ್ಟಿಯವರಿಗೆ ಮಾತ್ರ ರಿಯಾಯಿತಿ ಕೋಡ್ ಕಳಿಸಿ. ಬ್ಯಾಂಡ್‌ಕ್ಯಾಂಪ್ 2020ರ ಮಾರ್ಚ್‌ನಲ್ಲಿ ಶುರುಮಾಡಿದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಲ್ಲಿ ತಾಣ ತನ್ನ ಪಾಲು ಬಿಟ್ಟುಕೊಡುತ್ತದೆ. ಅಂಥ ದಿನ ಹತ್ತಿರವಿದ್ದರೆ ಬಿಡುಗಡೆಯನ್ನು ಅದಕ್ಕೆ ಹೊಂದಿಸಬಹುದು, ಆದರೆ ಆ ದಿನ ಎಲ್ಲರೂ ಕೂಗುತ್ತಿರುತ್ತಾರೆ, ನಿಮ್ಮ ದನಿ ಕೇಳಿಸುವುದು ಕಷ್ಟ.

ಬೆಲೆ ಎಷ್ಟೇ ಇಟ್ಟರೂ ತಪ್ಪದ ಖರ್ಚು ಒಂದಿದೆ. ಎಂಟರಲ್ಲಿ ಒಂದು ಹಾಡು ಬೇರೆಯವರ ರಚನೆಯಾಗಿದ್ದರೆ ಅದನ್ನು ಧ್ವನಿಮುದ್ರಿಸಿ ಹಂಚಲು ರಚನೆಯ ಹಕ್ಕುದಾರರ ಪರವಾನಗಿ ಬೇಕು. ಪ್ರತಿಗಿಷ್ಟು ಎಂದು ಗೌರವಧನ ನಿಗದಿಯಾಗಿದ್ದರೆ ಪುಕ್ಕಟೆ ಹಂಚಿದ ಪ್ರತಿಗೂ ಅದು ಲಾಗೂ. ‘ನಾನು ದುಡ್ಡೇ ತೆಗೆದುಕೊಂಡಿಲ್ಲ’ ಎಂಬುದು ಸಮಜಾಯಿಷಿ ಆಗುವುದಿಲ್ಲ. ಬೇರೆ ರೆಕಾರ್ಡಿಂಗಿನ ತುಣುಕು ಬಳಸಿದ್ದರೆ ಆ ರೆಕಾರ್ಡಿಂಗಿನ ಒಡೆಯರ ಅನುಮತಿಯೂ ಬೇಕು. ಜೊತೆಗೆ ನುಡಿಸಿದವರಿಗೆ ಪಾಲು ಕೊಡುವುದಾದರೆ ಶೇಕಡಾವಾರನ್ನು ಶುಲ್ಕ ಕಳೆದು ಉಳಿದ ಮೊತ್ತದ ಮೇಲೆ ಎಂದು ಬರೆದಿಟ್ಟುಕೊಳ್ಳಿ. ಬಾಯಿಮಾತಿನಲ್ಲಿ ‘ಅರ್ಧ ನಿನಗೆ’ ಎಂದರೆ ಅವರು 7ರ ಅರ್ಧ ಎಂದುಕೊಂಡಿರುತ್ತಾರೆ, ನಿಮ್ಮ ಕೈಗೆ ಬಂದದ್ದು 5.44.

ಮೂರು ತಿಂಗಳು ಬೆಲೆ ಮುಟ್ಟದೆ ಬಿಟ್ಟು, ಆಮೇಲೆ ಅಂಕಿಗಳನ್ನು ನೋಡಿ. ಅರ್ಧದಷ್ಟು ಗಿರಾಕಿಗಳು ಕನಿಷ್ಠಕ್ಕಿಂತ ಹೆಚ್ಚು ಕೊಟ್ಟಿದ್ದರೆ ಬೆಲೆ ಕಡಿಮೆಯಾಗಿದೆ, ಮುಂದಿನ ಆಲ್ಬಂಗೆ ಏರಿಸಿ. ಕಾರ್ಯಕ್ರಮದಲ್ಲಿ ಜನ ಸಿಡಿ ಕೈಗೆತ್ತಿಕೊಂಡು ಬೆಲೆ ನೋಡಿ ಕೆಳಗಿಡುತ್ತಿದ್ದರೆ ಸಿಡಿಯ ಬೆಲೆ ಹೆಚ್ಚಾಗಿದೆ. ಪುಟಕ್ಕೆ ಬಂದವರು ಬಹಳ, ಕೊಂಡವರು ಇಲ್ಲ ಎಂದಾದರೆ ಬೆಲೆಯ ಮೇಲೆ ಕೈಯಿಡುವ ಮುಂಚೆ ಬ್ಯಾಂಡ್‌ಕ್ಯಾಂಪ್‌ನ ಅಂಕಿಅಂಶ ಪುಟ ತೆರೆಯಿರಿ. ಯಾವ ಹಾಡನ್ನು ಪೂರ್ತಿ ಕೇಳಿದ್ದಾರೆ, ಯಾವುದನ್ನು ಅರ್ಧಕ್ಕೆ ಬಿಟ್ಟಿದ್ದಾರೆ, ಯಾವುದನ್ನು ಶುರುವಿನಲ್ಲೇ ದಾಟಿಸಿದ್ದಾರೆ ಎಂದು ಅದು ಬೇರೆಬೇರೆಯಾಗಿ ತೋರಿಸುತ್ತದೆ. ಮೊದಲ ಹಾಡನ್ನೇ ದಾಟಿಸಿ ಹೋದವರು ಹೆಚ್ಚಿದ್ದರೆ ಬೆಲೆಯನ್ನು ಹಾಗೇ ಬಿಟ್ಟು, ಎಲ್ಲರೂ ಪೂರ್ತಿ ಕೇಳಿದ ಹಾಡು ಯಾವುದೋ ಅದು ಮೊದಲು ಪ್ಲೇ ಆಗುವಂತೆ ಪುಟದ ಸೆಟ್ಟಿಂಗ್ ಬದಲಿಸಿ, ಇನ್ನೊಂದು ತಿಂಗಳು ನೋಡಿ.